ಫೋನ್ ಜಪ್ತಿ ಬೇರೆ, ಫೋನಿನೊಳಗೆ ಇಣುಕುವುದು ಬೇರೆ

"ಆರೋಪಿತನ ವಶದಲ್ಲಿದ್ದ ಕಪ್ಪು ಬಣ್ಣದ ಒಂದು ಟಚ್‌ಸ್ಕ್ರೀನ್ ಮೊಬೈಲ್ ಫೋನನ್ನು ಪಂಚರ ಸಮಕ್ಷಮ ಅಮಾನತುಪಡಿಸಿಕೊಳ್ಳಲಾಯಿತು."

ಚಾರ್ಜ್‌ಶೀಟ್ ತಿರುವಿ ಹಾಕಿ ರೂಢಿ ಇದ್ದವರಿಗೆ ಈ ಸಾಲು ಬಾಯಿಪಾಠ. ಪಂಚರು ಅಂದರೆ ಶೋಧಕ್ಕೆ, ಜಪ್ತಿಗೆ ಸಾಕ್ಷಿಯಾಗಿ ನಿಲ್ಲುವವರು; ಅಮಾನತುಪಡಿಸುವುದು ಅಂದರೆ ಜಪ್ತಿ. ದಾವಣಗೆರೆಯಾಗಲಿ ಚಿತ್ರದುರ್ಗವಾಗಲಿ, ವಂಚನೆ ಕೇಸಾಗಲಿ ಗಾಂಜಾ ಕೇಸಾಗಲಿ, ಫೋನಿನ ಬಣ್ಣ ಮಾತ್ರ ಬದಲಾಗುತ್ತದೆ. ಕೈಗೆ ತೆಗೆದುಕೊಂಡಾಗ ಫೋನ್ ಆನ್ ಇತ್ತೋ ಆಫ್ ಇತ್ತೋ? ಲಾಕ್ ಆಗಿತ್ತೋ? ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಎಷ್ಟು? ಒಳಗೆ ಎಷ್ಟು ಸಿಮ್ ಇದ್ದವು? ಅಲ್ಲಿಯೇ ಯಾರಾದರೂ ಗ್ಯಾಲರಿ, ವಾಟ್ಸಾಪ್ ತೆರೆದು ನೋಡಿದರೋ? ನೋಡಿದ್ದರೆ ಯಾವ ಅಧಿಕಾರದ ಮೇಲೆ? ಸಾಲಿನಲ್ಲಿ ಇದ್ಯಾವುದೂ ಇಲ್ಲ. ಮುಂದೆ ವಿಚಾರಣೆ ಹೊತ್ತಿಗೆ ಕೇಸು ಕುಂಟುವುದು ಇಲ್ಲಿಯೇ, ಫೋನಿನ ಯಜಮಾನನ ಹಕ್ಕು ಸೋರಿಹೋಗುವುದೂ ಇಲ್ಲಿಯೇ.

ಈ ಸಾಲಿನ ಹಿಂದಿರುವ ಪ್ರಶ್ನೆಗಳಿಗೆ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್ 12ರಂದು ವಿವರವಾಗಿ ಉತ್ತರ ಕೊಟ್ಟಿತು. ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರಲ್ಲಿ ಬಂದ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್. "ಪೊಲೀಸರು ಕೇಳಿದರೆ ಪಾಸ್‌ವರ್ಡ್ ಕೊಡಲೇಬೇಕಂತೆ" ಎಂಬ ಒಂದೇ ಮಾತಾಗಿ ಅದು ಊರೆಲ್ಲ ಹರಡಿತು. ತೀರ್ಪಿನಲ್ಲಿ ಇರುವುದು ಅಷ್ಟೇ ಅಲ್ಲ. ಫೋನನ್ನು ವಶಕ್ಕೆ ತೆಗೆದುಕೊಳ್ಳುವುದು ಒಂದು ಕೆಲಸ, ಅದರ ಒಳಗಿರುವುದನ್ನು ಹುಡುಕುವುದು ಇನ್ನೊಂದು ಕೆಲಸ. ಎರಡಕ್ಕೂ ಬೇರೆ ಬೇರೆ ಅಧಿಕಾರ ಬೇಕು ಎಂದು ಗೆರೆ ಎಳೆದದ್ದೇ ಅದರ ತಿರುಳು.

ತೀರ್ಪಿನ ಒಳಗೆ

ಕೆಳ ನ್ಯಾಯಾಲಯ ಆರೋಪಿಗೆ ಎರಡು ಆದೇಶ ಮಾಡಿತ್ತು: ಫೋನ್ ಮತ್ತು ಇಮೇಲ್‌ನ ಪಾಸ್‌ವರ್ಡ್ ಕೊಡು, ಪಾಲಿಗ್ರಾಫ್ ಅಂದರೆ ಸುಳ್ಳು ಪತ್ತೆ ಪರೀಕ್ಷೆಗೆ ಒಳಪಡು. ಪಾಲಿಗ್ರಾಫ್ ಆದೇಶವನ್ನು ಹೈಕೋರ್ಟ್ ರದ್ದು ಮಾಡಿತು. ಸುಪ್ರೀಂ ಕೋರ್ಟ್ 2010ರ ಸೆಲ್ವಿ ಪ್ರಕರಣದಲ್ಲಿ ಹೇಳಿದಂತೆ ಆ ಪರೀಕ್ಷೆಗೆ ಒಪ್ಪಿಗೆ ಬೇಕು. ಆರೋಪಿ ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದ ಎಂದಾಗುವುದಿಲ್ಲ.

ಪಾಸ್‌ವರ್ಡ್ ವಿಷಯ ಜಟಿಲ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು ಎಂದಿತು ಹೈಕೋರ್ಟ್. ಕೊಡದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ಸರ್ಚ್ ವಾರಂಟ್ ಪಡೆಯಬಹುದು. ಫೋನ್ ತಯಾರಕರಿಗೋ ಸೇವಾ ಕಂಪನಿಗೋ ತೆರೆದುಕೊಡುವಂತೆ ನಿರ್ದೇಶನ ಕೇಳಬಹುದು. ಅದೂ ಆಗದಿದ್ದರೆ ಪರಿಣತರಿಂದ ಲಾಕ್ ಮುರಿಸಬಹುದು. ಪಾಸ್‌ವರ್ಡ್ ಕೊಡದ್ದನ್ನೇ ಆಧಾರ ಮಾಡಿಕೊಂಡು ಕೋರ್ಟು ಅವನ ವಿರುದ್ಧ ಊಹೆ ಮಾಡಬಹುದು. ಆದರೆ ಯಾರೂ ಅರ್ಜಿ ಹಾಕದೆ ಕೋರ್ಟು ತಾನಾಗಿಯೇ "ಪಾಸ್‌ವರ್ಡ್ ಕೊಡು" ಎಂದು ಆದೇಶಿಸುವಂತಿಲ್ಲ.

ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ, ಬೆರಳಚ್ಚು ಕೊಟ್ಟ ಹಾಗೆ ಎಂಬುದು ತೀರ್ಪಿನ ತರ್ಕ. ಇದರ ಬೇರು ಇರುವುದು ಬೆರಳಚ್ಚು, ಕೈಬರಹದ ಮಾದರಿ ಕುರಿತು 1961ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಲ್ಲಿ. ತೀರ್ಪಿನ ಈ ಭಾಗ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಬೆರಳಚ್ಚು ಬೆರಳ ಮೇಲಿದೆ, ಪಾಸ್‌ವರ್ಡ್ ಇರುವುದು ತಲೆಯೊಳಗೆ. ಒಂದನ್ನು ಒತ್ತಿಸಿಕೊಳ್ಳಬಹುದು, ಇನ್ನೊಂದನ್ನು ಬಾಯಿ ಬಿಟ್ಟು ಹೇಳಬೇಕು. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯವೊಂದು ಇದೇ ಕಾರಣಕ್ಕೆ ಕರ್ನಾಟಕದ ತೀರ್ಪನ್ನು ಒಪ್ಪದೆ, ಬೆರಳಚ್ಚು ಕೇಳಬಹುದು, ಪಾಸ್‌ವರ್ಡ್ ಹೇಳೆಂದು ಬಲವಂತ ಮಾಡುವಂತಿಲ್ಲ ಎಂದಿತು. ಆದರೆ ದೆಹಲಿಯ ಆ ಆದೇಶ ನಮ್ಮ ಜಿಲ್ಲೆಯ ಮ್ಯಾಜಿಸ್ಟ್ರೇಟರನ್ನು ಕಟ್ಟಿಹಾಕುವುದಿಲ್ಲ, ನಮ್ಮ ಹೈಕೋರ್ಟಿನ ತೀರ್ಪು ಕಟ್ಟಿಹಾಕುತ್ತದೆ.

ಇಷ್ಟು ಪೊಲೀಸರ ಕಡೆ ವಾಲುವ ಭಾಗ. ಉಳಿದದ್ದನ್ನು ಓದದವರೇ ಹೆಚ್ಚು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಪುಟ್ಟಸ್ವಾಮಿ ಪ್ರಕರಣದಲ್ಲಿ; ಅರ್ಜಿದಾರರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ತನಿಖೆಗಾಗಿ ಫೋನ್ ನೋಡುವುದು ಆ ಹಕ್ಕಿಗೆ ಒಪ್ಪಬಹುದಾದ ವಿನಾಯಿತಿ ಎಂದ ಹೈಕೋರ್ಟ್, ಬೆನ್ನಿಗೇ ಮೂರು ಷರತ್ತು ಹಾಕಿತು. ಫೋನಿನ ಒಳಗನ್ನು ಹುಡುಕಲು ಸಾಮಾನ್ಯವಾಗಿ ವಾರಂಟ್ ಬೇಕು; ತುರ್ತಿದ್ದರೆ ಕಾರಣವನ್ನು ಬರೆದಿಟ್ಟು ಹುಡುಕಬೇಕು. ಒಳಗೆ ಸಿಕ್ಕ ಮಾಹಿತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಸಿಕ್ಕಿತು ಎಂದ ಮಾತ್ರಕ್ಕೆ ಅದು ರುಜುವಾತಾದಂತಲ್ಲ, ಬೇರೆ ಸಾಕ್ಷ್ಯದಂತೆಯೇ ವಿಚಾರಣೆಯಲ್ಲಿ ಸಾಬೀತಾಗಬೇಕು.

ಆರೋಪಿಯ ಚಾಟ್‌ಗಳ ಸ್ಕ್ರೀನ್‌ಶಾಟ್ ಸಂಜೆಯ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವುದನ್ನು ಕಂಡವರಿಗೆ ಎರಡನೇ ಷರತ್ತಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆ ಚಾಟ್‌ನಲ್ಲಿ ಆರೋಪಿಯ ಅಕ್ಕ, ಹೆಂಡತಿ, ಸಾಲ ಕೊಟ್ಟ ಗೆಳೆಯ ಎಲ್ಲರೂ ಇರುತ್ತಾರೆ. ಅವರ ಮೇಲೆ ಯಾವ ಎಫ್‌ಐಆರೂ ಇಲ್ಲ.

ಹೊಸ ಸಂಖ್ಯೆ, ಹಳೆಯ ನಿಯಮ

ತೀರ್ಪು ಬಂದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಇದ್ದಾಗ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಪಂಚರ ಸಮಕ್ಷಮ ಶೋಧದ ಹಳೆಯ 100ನೇ ಕಲಂ ಈಗ 103. ಜಪ್ತಿಯ 102 ಈಗ 106. ವಾರಂಟ್ ಇಲ್ಲದ ಶೋಧದ 165 ಈಗ 185. ಸರ್ಚ್ ವಾರಂಟಿನ 93 ಈಗ 96. ಸಂಖ್ಯೆ ಬದಲಾದರೂ ತಿರುಳು ಅದೇ ಇರುವುದರಿಂದ ತೀರ್ಪಿನ ತರ್ಕ ಈಗಲೂ ಅನ್ವಯಿಸುತ್ತದೆ. ಕೆಲವು ಕಡೆ ಹೊಸ ಸಂಹಿತೆ ಇನ್ನೂ ಬಿಗಿಯಾಗಿದೆ.

106ನೇ ಕಲಂ ಓದಿ ನೋಡಿ. ಕದ್ದದ್ದೆಂದು ಶಂಕೆ ಇರುವ ಅಥವಾ ಅಪರಾಧದ ಸಂಶಯ ಹುಟ್ಟಿಸುವ ಸಂದರ್ಭದಲ್ಲಿ ಸಿಕ್ಕ ಸ್ವತ್ತನ್ನು ಪೊಲೀಸ್ ಅಧಿಕಾರಿ ಜಪ್ತಿ ಮಾಡಬಹುದು, ಮಾಡಿದ್ದನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಅಷ್ಟೇ. ಬೀರು ಜಪ್ತಿಯಾದರೆ ಅದರೊಳಗಿನ ಕಾಗದ ಓದುವ ಅಧಿಕಾರವೂ ತಾನಾಗಿ ಬಂತೆಂದು ಅದರಲ್ಲಿ ಎಲ್ಲೂ ಇಲ್ಲ. ಓದಬೇಕಾದರೆ 96ರ ವಾರಂಟ್ ಬೇಕು, ಇಲ್ಲವೇ 185ರ ಬರವಣಿಗೆ.

ಎಲ್ಲರೂ ಎಡವುವುದು 185ರಲ್ಲಿ. ಆ ಕಲಂ ಬಳಸಲು ಮೊದಲು ಒಂದು ತನಿಖೆ ನಡೆಯುತ್ತಿರಬೇಕು. ಬೇಕಾದ ವಸ್ತು ಇಂಥ ಜಾಗದಲ್ಲಿ ಇದೆ ಎಂದು ನಂಬಲು ಸಕಾರಣ ಇರಬೇಕು. ವಾರಂಟಿಗೆ ಕಾಯುತ್ತ ಕೂತರೆ ಅನುಚಿತ ವಿಳಂಬ ಆಗುವಂತಿರಬೇಕು. ಹೊರಡುವ ಮುಂಚೆ ಅಧಿಕಾರಿ ತನ್ನ ನಂಬಿಕೆಯ ಕಾರಣವನ್ನೂ ಏನನ್ನು ಹುಡುಕಲು ಹೊರಟಿದ್ದೇನೆ ಎಂಬುದನ್ನೂ ಕೇಸ್ ಡೈರಿಯಲ್ಲಿ ಬರೆಯಬೇಕು. ಡೈರಿಯಲ್ಲಿಯೇ ಎಂಬುದು ಹೊಸ ಸಂಹಿತೆ ಸೇರಿಸಿದ ಮಾತು. ತಾನೇ ಹೋಗಲಾಗದೆ ಕೈಕೆಳಗಿನವರನ್ನು ಕಳಿಸುವುದಾದರೆ ಅದಕ್ಕೂ ಕಾರಣ ಬರೆದು, ಜಾಗ ಮತ್ತು ವಸ್ತು ನಮೂದಿಸಿದ ಲಿಖಿತ ಆದೇಶ ಕೊಡಬೇಕು. ಈ ದಾಖಲೆಗಳ ಪ್ರತಿ 48 ಗಂಟೆ ಮೀರದಂತೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಹಳೆಯ ಕಾಯ್ದೆಯಲ್ಲಿ "ಕೂಡಲೇ" ಎಂದಷ್ಟೇ ಇತ್ತು, ಈಗ ಗಡಿಯಾರ ಕಟ್ಟಿದ್ದಾರೆ. ಮನೆ ಅಥವಾ ಅಂಗಡಿಯವರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ರೂಢಿಯೇ ಬೇರೆ. ಶೋಧ ಮುಗಿಸಿ ಬಂದು, ಚಹಾ ಕುಡಿದು, ಸಿಕ್ಕಿದ್ದನ್ನು ನೋಡಿಕೊಂಡು ಕಾರಣ ಬರೆಯುವುದು. "ಖಚಿತ ಮಾಹಿತಿ ಮೇರೆಗೆ" ಎಂಬ ಮೂರು ಪದ ಬರೆದರೆ ಕಾರಣ ಬರೆದಂತಾಯಿತು ಎಂಬ ನಂಬಿಕೆ. ಯಾವ ಮಾಹಿತಿ, ಎಷ್ಟು ಗಂಟೆಗೆ ಬಂತು, ವಾರಂಟಿಗೆ ಯಾಕೆ ಹೋಗಲಿಲ್ಲ ಎಂಬುದು ಇಲ್ಲದಿದ್ದರೆ ಅದು ಕಾರಣವಲ್ಲ, ರಬ್ಬರ್ ಸ್ಟಾಂಪ್.

ಈ ಬರವಣಿಗೆಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಕರ್ನಾಟಕದ್ದೇ ಹಳೆಯ ಉದಾಹರಣೆ ಇದೆ. ಅಬಕಾರಿ ಕಾಯ್ದೆಯ 54ನೇ ಕಲಂ ಪ್ರಕಾರ ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರಿ ಮೊದಲು ತನ್ನ ನಂಬಿಕೆಯ ಆಧಾರವನ್ನು ಬರೆದಿಡಬೇಕು. ಕಾರೊಂದರಲ್ಲಿ ಮದ್ಯ ಸಿಕ್ಕಿತೆಂಬ ಪ್ರಕರಣದಲ್ಲಿ ಇನ್‌ಸ್ಪೆಕ್ಟರ್ ಅದನ್ನು ಬರೆದಿರಲಿಲ್ಲ ಎಂಬ ಕಾರಣಕ್ಕೇ 1979ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಅಕ್ರಮ ಮದ್ಯದ ಕೇಸುಗಳಲ್ಲಿ ವಕೀಲರು ಮೊದಲು ಹುಡುಕುವುದು ಇವತ್ತಿಗೂ ಈ 54ರ ಟಿಪ್ಪಣಿಯನ್ನೇ.

ಇದನ್ನು ಓದಿ "ಹಾಗಾದರೆ ತಪ್ಪು ಶೋಧದಲ್ಲಿ ಸಿಕ್ಕಿದ್ದೆಲ್ಲ ಬಿದ್ದುಹೋಗುತ್ತದೆ" ಎಂದುಕೊಂಡರೆ ಕೆಟ್ಟಿರಿ. ಸಾಮಾನ್ಯ ಅಪರಾಧಗಳಲ್ಲಿ ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. ಶೋಧ ಕ್ರಮಬದ್ಧವಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಸ್ತುತವಾದ ಸಾಕ್ಷ್ಯವನ್ನು ಹೊರಗೆ ಹಾಕುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ ಪೂರಣ್ ಮಲ್ ಪ್ರಕರಣದಿಂದ ಐದು ದಶಕ ನಡೆದುಬಂದಿರುವ ನಿಲುವು. ಕೋರ್ಟು ಅಂಥ ಸಾಕ್ಷ್ಯವನ್ನು ಇನ್ನಷ್ಟು ಎಚ್ಚರದಿಂದ ನೋಡುತ್ತದೆ, ಅಷ್ಟೇ. ಮಾದಕ ವಸ್ತು ಕಾಯ್ದೆಯಲ್ಲಿ ಮಾತ್ರ ಕಟ್ಟುನಿಟ್ಟು ಹೆಚ್ಚು: ಮೈ ತಪಾಸಣೆಗೆ ಮುಂಚೆ "ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆ ಕೇಳುವ ಹಕ್ಕು ನಿಮಗಿದೆ" ಎಂದು 50ನೇ ಕಲಂ ಪ್ರಕಾರ ತಿಳಿಸದಿದ್ದರೆ, ಮೈಮೇಲೆ ಸಿಕ್ಕ ಮಾಲಿನ ಮೇಲೆ ಶಿಕ್ಷೆ ನಿಲ್ಲುವುದಿಲ್ಲ. ಕೈಯಲ್ಲಿದ್ದ ಬ್ಯಾಗಿಗೆ ಈ ರಕ್ಷಣೆ ಇಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಫೋನ್ ಜಪ್ತಿಯಾಗುವ ಹೆಚ್ಚಿನ ಕೇಸುಗಳು ವಂಚನೆ, ಬೆದರಿಕೆ, ಸೈಬರ್ ಬಗೆಯವು. ಅಲ್ಲಿ ಆಕ್ಷೇಪಣೆಗೆ ತೂಕ ಬರುವುದು ಅದು ಆ ಕ್ಷಣದಲ್ಲೇ ಕಾಗದದ ಮೇಲೆ ದಾಖಲಾಗಿದ್ದರೆ. ಮೂರು ವರ್ಷದ ಮೇಲೆ ಸಾಕ್ಷಿ ಕಟ್ಟೆಯಲ್ಲಿ ಹೇಳಿದರೆ ಅದು ಆರೋಪಿಯ ಕಥೆ.

ಬಾಗಿಲಿಗೆ ಬಂದಾಗ

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ದಲ್ಲಾಳಿ ಅಂಗಡಿ ಎಂದಿಟ್ಟುಕೊಳ್ಳಿ. ಮೆಕ್ಕೆಜೋಳದ ಲೋಡಿನ ದುಡ್ಡು ಬರಲಿಲ್ಲವೆಂದು ಯಾರೋ ವಂಚನೆ ದೂರು ಕೊಟ್ಟಿದ್ದಾರೆ. ಬೆಳಗ್ಗೆ ಹನ್ನೊಂದಕ್ಕೆ ಪಿಎಸ್‌ಐ, ಇಬ್ಬರು ಪೇದೆಗಳು ಬಂದು ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿದ್ದ ಫೋನ್ ಎತ್ತಿಕೊಳ್ಳುತ್ತಾರೆ.

"ಲಾಕ್ ತೆಗೀರಿ, ನೋಡಾಣ."

"ಸಾರ್, ಅದ್ರಾಗೆ ಮಂಡಿ ಲೆಕ್ಕ ಎಲ್ಲಾ ಐತಿ..."

"ಅದನ್ನೇ ನೋಡೋದು. ತೆಗೀರಿ."

ಇಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ. ಕರ್ತವ್ಯಕ್ಕೆ ಅಡ್ಡಿ ಎಂಬ ಇನ್ನೊಂದು ಕೇಸು ಸುತ್ತಿಕೊಳ್ಳುತ್ತದೆ. ಕೇಳಬೇಕಾದ್ದು ಇಷ್ಟು: ಅಪರಾಧ ಸಂಖ್ಯೆ ಏನು, ಠಾಣೆ ಯಾವುದು, ವಾರಂಟ್ ಇದೆಯೇ, ಇಲ್ಲದಿದ್ದರೆ 185ರಡಿ ಶೋಧವೇ ಅಥವಾ 94ರಡಿ ಹಾಜರುಪಡಿಸುವಂತೆ ನೋಟಿಸೇ? 94ನೇ ಕಲಂ ಈಗ ಡಿಜಿಟಲ್ ಸಾಕ್ಷ್ಯ ಇರಬಹುದಾದ ಸಂವಹನ ಸಾಧನಗಳನ್ನೂ ಹೆಸರಿಸಿ ಒಳಗೊಳ್ಳುತ್ತದೆ. ಸಾಕ್ಷಿದಾರರ, ದೂರುದಾರರ ಫೋನ್ ಕೇಳಬೇಕಾದಾಗ ನ್ಯಾಯವಾದ ದಾರಿ ಅದೇ. ಆರೋಪಿಗೇ ಅಂಥ ನೋಟಿಸ್ ಕೊಡುವಂತಿಲ್ಲ ಎಂದು 1960ರ ದಶಕದಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಆಗಿದ್ದ ಕಲಂ ಕುರಿತು ಹೇಳಿದೆ.

ಮಾಲೀಕ ಲಾಕ್ ತೆಗೆದುಕೊಟ್ಟರೆ ಮುಂದೆ ಅದು "ಸ್ವಇಚ್ಛೆಯಿಂದ ತೆರೆದು ತೋರಿಸಿದ್ದು" ಎಂದು ಪಂಚರ ಮುಂದೆ ಬರೆಯುವ ದಾಖಲೆಗೆ, ಅಂದರೆ ಪಂಚನಾಮೆಗೆ ಇಳಿಯುತ್ತದೆ. ಬೇಕೆಂದೇ ಒಪ್ಪಿದ್ದರೆ ಸರಿ. ಇಲ್ಲದಿದ್ದರೆ "ಲಿಖಿತ ಆದೇಶ ತೋರಿಸಿ, ತೆರೆಯುತ್ತೇನೆ" ಎಂದು ಸಮಾಧಾನದಿಂದ ಹೇಳಿ, ಹಾಗೆ ಹೇಳಿದ್ದನ್ನೂ ಪಂಚನಾಮೆಯಲ್ಲಿ ಬರೆಯಿರೆಂದು ಕೇಳಬೇಕು.

ಪಂಚರ ವಿಷಯಕ್ಕೆ ಬಂದರೆ, ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಎನ್ನುತ್ತದೆ 103ನೇ ಕಲಂ. ಪಕ್ಕದ ಅಂಗಡಿಯವರು "ನಮಗ್ಯಾಕ್ರೀ ಕೋರ್ಟ್ ಸಹವಾಸ" ಎಂದು ಹಿಂದೆ ಸರಿಯುತ್ತಾರೆ, ಪೊಲೀಸರು ಠಾಣೆಗೆ ಪರಿಚಯ ಇರುವವರನ್ನು ಜೀಪಿನಲ್ಲೇ ಕರೆದು ತರುತ್ತಾರೆ. ಒಂದೇ ಹೆಸರು ಐದು ಕೇಸುಗಳಲ್ಲಿ ಪಂಚನಾಗಿ ಕಂಡರೆ ಪಾಟೀಸವಾಲಿನಲ್ಲಿ ಅದೊಂದೇ ಸಾಕು. ಲಿಖಿತ ಆದೇಶ ಕೊಟ್ಟು ಕರೆದಾಗ ಸಕಾರಣವಿಲ್ಲದೆ ಪಂಚನಾಗಲು ನಿರಾಕರಿಸುವುದು ಅಪರಾಧ ಎಂಬುದು ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಹಾಗೆ ಲಿಖಿತ ಆದೇಶ ಕೊಡುವ ಗೋಜಿಗೆ ಅಧಿಕಾರಿಗಳೂ ಹೋಗುವುದಿಲ್ಲ. ಶೋಧದ ಉದ್ದಕ್ಕೂ ಜಾಗದ ಯಜಮಾನ ಅಥವಾ ಅವನ ಪರವಾಗಿ ಒಬ್ಬರು ಹಾಜರಿರಲು ಬಿಡಬೇಕು. ಜಪ್ತಿ ಪಟ್ಟಿಯ ಪ್ರತಿ ಅವರಿಗೆ ಕೊಡಬೇಕು. ಕೊನೆಯಲ್ಲಿ "ಓದಿ ಕೇಳಿದೆ, ಸರಿ ಇದೆ" ಎಂಬ ಸಾಲಿನ ಕೆಳಗೆ ಸಹಿ ಹಾಕುವ ಮುಂಚೆ ನಿಜವಾಗಿಯೂ ಓದಬೇಕು. ತಪ್ಪಿದ್ದರೆ ಸಹಿಯ ಮೇಲೆ ಸ್ವಂತ ಕೈಯಲ್ಲಿ ಎರಡು ಸಾಲು, ದಿನಾಂಕ, ಸಮಯ.

ವಿಡಿಯೊ ಈಗ ಕಡ್ಡಾಯ. ಶೋಧದ ಇಡೀ ಪ್ರಕ್ರಿಯೆ, ಪಟ್ಟಿ ತಯಾರಿಸುವುದು, ಸಾಕ್ಷಿಗಳು ಸಹಿ ಹಾಕುವುದು ಎಲ್ಲವನ್ನೂ ಧ್ವನಿ ಸಹಿತ ಚಿತ್ರೀಕರಿಸಬೇಕು, ಸಾಧ್ಯವಾದಷ್ಟು ಮೊಬೈಲ್‌ನಲ್ಲೇ ಎನ್ನುತ್ತದೆ 105ನೇ ಕಲಂ. ರೆಕಾರ್ಡಿಂಗ್ ತಡಮಾಡದೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಕೆಡುವುದು ಎರಡು ರೀತಿ. ಒಂದು, ಮಾಲು ಸಿಕ್ಕಮೇಲೆ ಕ್ಯಾಮೆರಾ ಆನ್ ಮಾಡುವುದು. ಮೇಜಿನ ಮೇಲೆ ಜೋಡಿಸಿಟ್ಟ ಸಾಮಾನಿನ ವಿಡಿಯೊ ಶೋಧದ ವಿಡಿಯೊ ಅಲ್ಲ, ಪ್ರದರ್ಶನದ ವಿಡಿಯೊ. ಇನ್ನೊಂದು, ಚಿತ್ರೀಕರಿಸಿದ್ದನ್ನು ವಾಟ್ಸಾಪಿನಲ್ಲಿ ಠಾಣೆಯ ಬರಹಗಾರರಿಗೆ ಕಳಿಸಿ ಅವರ ಕಂಪ್ಯೂಟರಿನಿಂದ ಸಿಡಿ ಮಾಡಿಸುವುದು. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸಿ ಮತ್ತೆ ಹೊಸದಾಗಿ ಕಟ್ಟುತ್ತದೆ. ಕಣ್ಣಿಗೆ ಒಂದೇ ಥರ ಕಂಡರೂ ಅದು ಬೇರೆ ಫೈಲು; ಫೈಲಿನ ಒಳಗಿನದನ್ನು ಲೆಕ್ಕ ಹಾಕಿ ಪಡೆಯುವ ಗುರುತಿನ ಸಂಖ್ಯೆ, ಅಂದರೆ ಹ್ಯಾಶ್ ತಾಳೆಯಾಗುವುದಿಲ್ಲ. ಕ್ಯಾಮೆರಾದ ಮೂಲ ಫೈಲು ಅಳಿಸಿಹೋಗಿದ್ದರೆ ಕಥೆ ಮುಗಿಯಿತು.

ಫೋನನ್ನು ಹಿಡಿಯುವ ಬಗೆ

2021ರ ತೀರ್ಪಿನ ಕೊನೆಯ ಭಾಗ ಕಾನೂನಿಗಿಂತ ಹೆಚ್ಚಾಗಿ ವರ್ಕ್‌ಶಾಪ್ ಕೈಪಿಡಿಯ ಹಾಗಿದೆ. ಶೋಧಕ್ಕೆ ಹೋಗುವಾಗ ಅರ್ಹ ವಿಧಿವಿಜ್ಞಾನ ತಜ್ಞರು ಜೊತೆಗಿರಬೇಕು. ಕಂಪ್ಯೂಟರ್ ಆಫ್ ಇದ್ದರೆ ಆನ್ ಮಾಡಬಾರದು. ಆನ್ ಇದ್ದರೆ ಪರದೆಯ, ವೈರುಗಳ ಫೋಟೊ ತೆಗೆಯಬೇಕು. ತನಿಖಾಧಿಕಾರಿ ತಾನೇ ಕೂತು ಅದರಲ್ಲಿ ಹುಡುಕಬಾರದು. ಫೋನಾದರೆ ಮೊದಲು ನೆಟ್‌ವರ್ಕಿನಿಂದ ಬೇರ್ಪಡಿಸಿ ಫ್ಯಾರಡೆ ಚೀಲದಲ್ಲಿ ಹಾಕಬೇಕು. ಫ್ಯಾರಡೆ ಚೀಲ ಅಂದರೆ ಲೋಹದ ನೂಲು ನೇಯ್ದ ಚೀಲ, ಮೊಬೈಲ್ ಸಿಗ್ನಲ್, ವೈಫೈ, ಬ್ಲೂಟೂತ್ ಯಾವುದೂ ಒಳಕ್ಕೆ ದಾಟದು.

ಸಿಗ್ನಲ್ ಯಾಕೆ ತಡೆಯಬೇಕು? ಫೋನ್ ಠಾಣೆಯ ಬೀರುವಿನಲ್ಲಿದ್ದರೂ ಮನೆಯಲ್ಲಿರುವ ಇನ್ನೊಬ್ಬರು ಅದೇ ಖಾತೆಯಿಂದ ಲಾಗಿನ್ ಆಗಿ ಎಲ್ಲವನ್ನೂ ಅಳಿಸಬಹುದು. ಆರೋಪಿಯ ದೃಷ್ಟಿಯಿಂದಲೂ ಇದು ಮುಖ್ಯ: ಜಪ್ತಿಯಾದ ಮೇಲೂ ಫೋನ್ ಸಂದೇಶ ಸ್ವೀಕರಿಸುತ್ತಲೇ ಇದ್ದರೆ, ಯಾವುದು ಮುಂಚೆ ಇದ್ದದ್ದು, ಯಾವುದು ಆಮೇಲೆ ಬಂದದ್ದು ಎಂದು ಬೇರ್ಪಡಿಸುವುದೇ ಪೇಚು. ಚೀಲ ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ವೈಫೈ, ಬ್ಲೂಟೂತ್ ಆಫ್ ಆಗಿವೆಯೇ ಎಂದು ಬೇರೆಯಾಗಿ ನೋಡಬೇಕು. ಏರೋಪ್ಲೇನ್ ಮೋಡ್ ಹಾಕದೆ ಬರೀ ಚೀಲಕ್ಕೆ ತುರುಕಿದರೆ ಇನ್ನೊಂದು ತೊಂದರೆ. ಸಿಗ್ನಲ್ ಹುಡುಕಿ ಹುಡುಕಿ ಫೋನ್ ಬ್ಯಾಟರಿಯನ್ನು ಬೇಗ ತಿಂದುಹಾಕುತ್ತದೆ. ಪವರ್ ಬ್ಯಾಂಕ್ ಜೊತೆಗಿಡದಿದ್ದರೆ ಚೀಲದೊಳಗೇ ಆಫ್.

ಆಫ್ ಆಯಿತೆಂದರೆ ಆಟವೇ ಬದಲಾಗುತ್ತದೆ. ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ, ಆಫ್ ಆಗಿ ಮತ್ತೆ ಆನ್ ಆದಾಗ ಬೆರಳು, ಮುಖ ಕೆಲಸಕ್ಕೆ ಬರುವುದಿಲ್ಲ. ಪಿನ್ ಅಥವಾ ಪಾಸ್‌ವರ್ಡ್ ಹೊಡೆಯಲೇಬೇಕು. ಐಫೋನ್ 48 ಗಂಟೆ ಅನ್‌ಲಾಕ್ ಆಗದೆ ಉಳಿದರೂ ಅಷ್ಟೇ. ಅಂದರೆ ಬೆರಳು ಒತ್ತಿಸಿ ಮುಗಿಯಬಹುದಾಗಿದ್ದ ಕೆಲಸ, ಒಬ್ಬ ಪೇದೆ ಅಭ್ಯಾಸಬಲದಿಂದ ಪವರ್ ಬಟನ್ ಒತ್ತಿದ್ದಕ್ಕೆ "ಆರೋಪಿಯ ಬಾಯಿಂದ ಪಾಸ್‌ವರ್ಡ್ ಹೇಳಿಸಬಹುದೇ" ಎಂಬ ಸಂವಿಧಾನದ ಪ್ರಶ್ನೆಯಾಗಿ ಬೆಳೆಯುತ್ತದೆ. ಕೈಗೆ ಬಂದಾಗ ಆನ್ ಇದ್ದ ಫೋನನ್ನು ಆನ್ ಇಟ್ಟುಕೊಂಡೇ, ಆಫ್ ಇದ್ದದ್ದನ್ನು ಮುಟ್ಟದೆಯೇ ತಜ್ಞರಿಗೆ ತಲುಪಿಸಬೇಕು ಎನ್ನುವುದು ಇದಕ್ಕೇ.

ಲಾಕ್ ಇಲ್ಲದ ಫೋನಿನಲ್ಲಿ *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಪರದೆ ಮೇಲೆ ಬರುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆ, ಎರಡನ್ನೂ ಬರೆಯಬೇಕು. ಆರಂಭದಲ್ಲಿ ಕಂಡ ಆ ಜಪ್ತಿಯ ಸಾಲನ್ನು ಸರಿಯಾಗಿ ಬರೆದರೆ ಹೀಗಿರುತ್ತದೆ: "ಬೆಳಗ್ಗೆ 11.20ಕ್ಕೆ ಮಾಲೀಕರು ಹಾಜರುಪಡಿಸಿದ ಕಪ್ಪು ಬಣ್ಣದ ಫೋನ್, ಕಂಪನಿ ಮತ್ತು ಮಾಡೆಲ್ ಇಂಥದ್ದು, ಎಡ ಮೂಲೆಯಲ್ಲಿ ಗಾಜು ಬಿರುಕು, ಆನ್ ಸ್ಥಿತಿ, ಪರದೆ ಲಾಕ್, ಬ್ಯಾಟರಿ ಶೇ 63, ಐಎಂಇಐ ಎರಡು, ಸಿಮ್ ಎರಡು, ಮೆಮೊರಿ ಕಾರ್ಡ್ ಇಲ್ಲ, ಒಳಗಿನ ಯಾವ ಆ್ಯಪನ್ನೂ ತೆರೆದಿಲ್ಲ, 11.26ಕ್ಕೆ ಏರೋಪ್ಲೇನ್ ಮೋಡ್ ಹಾಕಿ ಫ್ಯಾರಡೆ ಚೀಲದಲ್ಲಿಟ್ಟು, ಅರಗಿನ ಮೊಹರು ಮಾಡಿ, ಪಂಚರ ಸಹಿಯ ಚೀಟಿ ಅಂಟಿಸಲಾಯಿತು." ಬರೆಯಲು ಐದು ನಿಮಿಷ ಹೆಚ್ಚು. "ನನ್ನ ಫೋನಿನಲ್ಲಿ ಆ ಮೆಸೇಜ್ ಇರಲೇ ಇಲ್ಲ, ಆಮೇಲೆ ಹಾಕಿದ್ದಾರೆ" ಎಂಬ ವಾದಕ್ಕೆ ಉತ್ತರ ಈ ಐದು ನಿಮಿಷದಲ್ಲಿದೆ. ವಾದ ಸುಳ್ಳಾಗಿದ್ದರೆ ಪೊಲೀಸರಿಗೆ ಲಾಭ, ನಿಜವಾಗಿದ್ದರೆ ಆರೋಪಿಗೆ.

ಹ್ಯಾಶ್ ಬಗ್ಗೆಯೂ ಗೊಂದಲ ಬಹಳ. ಪೆನ್‌ಡ್ರೈವ್, ಹಾರ್ಡ್‌ಡಿಸ್ಕಿನ ಪೂರ್ತಿ ಪ್ರತಿ ತೆಗೆದು ಅದಕ್ಕೊಂದು ಹ್ಯಾಶ್ ಲೆಕ್ಕ ಹಾಕಬಹುದು. ಒಳಗೆ ಒಂದು ಅಕ್ಷರ ಬದಲಾದರೂ ಸಂಖ್ಯೆ ಪೂರಾ ಬೇರೆಯಾಗುತ್ತದೆ. ಆನ್ ಇರುವ ಫೋನ್ ಮಾತ್ರ ಕ್ಷಣಕ್ಷಣಕ್ಕೂ ತನ್ನೊಳಗೇ ಏನಾದರೂ ಬರೆದುಕೊಳ್ಳುತ್ತಿರುತ್ತದೆ. ಅದರಿಂದ ಎರಡು ಸಲ ಮಾಹಿತಿ ತೆಗೆದರೆ ಎರಡು ಹ್ಯಾಶ್ ಬಂದೀತು. ತಿದ್ದುಪಡಿ ಆಗಿದೆ ಎಂದು ಕೂಡಲೇ ಕೂಗುವಂತಿಲ್ಲ. ಫೋನಿನಲ್ಲಿ ಹ್ಯಾಶ್ ಸೇರುವುದು ಹೊರತೆಗೆದ ಫೈಲಿಗೆ, ಹ್ಯಾಂಡ್‌ಸೆಟ್ಟಿಗಲ್ಲ. ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ನಮೂದಿಸಲು ಜಾಗವಿದೆ. ಭಾಗ ಎ ಸಾಕ್ಷ್ಯ ಒದಗಿಸುವವರು, ಭಾಗ ಬಿ ತಜ್ಞರು ತುಂಬಿ ಸಹಿ ಹಾಕಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಕಡತಕ್ಕೆ ಪಿನ್ ಹೊಡೆದರೆ ಅದು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಆರೋಪಿಯ ಪರವಾಗಿ ಚಾಟ್ ಹಾಜರುಪಡಿಸುವವರಿಗೂ ಇದೇ ನಿಯಮ.

ದಾವಣಗೆರೆಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಬಿಎನ್‌ಎಸ್‌ಎಸ್‌ನ 176(3) ಹೇಳುತ್ತದೆ. ಜಾರಿ ದಿನಾಂಕ ಗೊತ್ತುಮಾಡಲು ರಾಜ್ಯಗಳಿಗೆ ಐದು ವರ್ಷ ಕಾಲಾವಕಾಶ. ಪ್ರತಿ ಫೋನ್ ಜಪ್ತಿಗೂ ತಜ್ಞರು ಜೊತೆಯಾಗುತ್ತಾರೆ ಎಂಬುದು ಸದ್ಯಕ್ಕೆ ದೂರದ ಮಾತು. ಹಾಗಿರುವಾಗ ಪ್ರತಿ ಠಾಣೆಗೂ ನಾಲ್ಕು ಫ್ಯಾರಡೆ ಚೀಲ, ಒಂದು ಪವರ್ ಬ್ಯಾಂಕ್ ಕೊಟ್ಟರೂ ತೀರ್ಪಿನ ಅರ್ಧ ಪಾಲನೆಯಾದೀತು.

ರಸ್ತೆಯಲ್ಲಿ ತಡೆದರೆ

ರಾತ್ರಿ ದಾವಣಗೆರೆಯ ಜಯದೇವ ವೃತ್ತದಲ್ಲೋ ಚಿತ್ರದುರ್ಗದ ಗಾಂಧಿ ವೃತ್ತದಲ್ಲೋ ಬೈಕ್ ತಡೆದು ದಾಖಲೆ ಕೇಳಬಹುದು. ಆದರೆ "ಫೋನ್ ಕೊಡು, ವಾಟ್ಸಾಪ್ ತೋರಿಸು" ಎನ್ನಲು 185 ಒದಗುವುದಿಲ್ಲ. ಅಲ್ಲಿ ಯಾವ ತನಿಖೆಯೂ ನಡೆಯುತ್ತಿಲ್ಲ, ಯಾವ ಡೈರಿಯಲ್ಲೂ ಕಾರಣ ಬರೆದಿಲ್ಲ. ಬಂಧನವಾದರೆ ಮೈ ತಪಾಸಣೆ ಮಾಡಿ ಸಿಕ್ಕ ವಸ್ತುಗಳಿಗೆ ರಸೀದಿ ಕೊಡಬೇಕು. ಆಗಲೂ ಫೋನ್ ವಸ್ತು, ಅದರೊಳಗಿನದು ಬೇರೆ. ಮಾದಕ ವಸ್ತು ಕಾಯ್ದೆಯ ಹೆಸರಲ್ಲಿ ಸಕಾರಣವಿಲ್ಲದೆ ಕಿರುಕುಳದ ಶೋಧ ನಡೆಸುವ ಅಧಿಕಾರಿಗೇ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಅದೇ ಕಾಯ್ದೆಯ 58ನೇ ಕಲಂ ಹೇಳುತ್ತದೆ.

ವಾಪಸ್ ಪಡೆಯುವುದು

ಜಪ್ತಿಯಾದ ಫೋನಿಗೆ ಠಾಣೆಯಲ್ಲಿ ಪಿ.ಎಫ್. (ಪ್ರಾಪರ್ಟಿ ಫಾರ್ಮ್, ಅಂದರೆ ಜಪ್ತಿ ಸ್ವತ್ತಿನ ನಮೂನೆ) ನಂಬರ್ ಬೀಳುತ್ತದೆ, ಆ ಪಿ.ಎಫ್. ಕೋರ್ಟಿಗೆ ಹೋಗಬೇಕು. ಮ್ಯಾಜಿಸ್ಟ್ರೇಟರಿಗೆ ವರದಿ ತಡವಾದ ಒಂದೇ ಕಾರಣಕ್ಕೆ ಜಪ್ತಿ ಬಿದ್ದುಹೋಗುವುದಿಲ್ಲ, ಆದರೆ ತಡಕ್ಕೆ ಅಧಿಕಾರಿ ವಿವರಣೆ ಕೊಡಬೇಕು ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಬ್ಯಾಂಕ್ ಖಾತೆ ತಡೆಹಿಡಿದ ಪ್ರಕರಣ. ಖಾತೆಯೂ ಜಪ್ತಿಯ ಕಲಮಿನ ಮಟ್ಟಿಗೆ ಸ್ವತ್ತೇ ಎಂದು 1999ರಲ್ಲೇ ತೀರ್ಮಾನವಾಗಿದೆ. ಮನೆ, ಹೊಲ ಮಾತ್ರ ಇದರಡಿ ಜಪ್ತಿಯಾಗುವುದಿಲ್ಲ.

ಮ್ಯಾಜಿಸ್ಟ್ರೇಟರ ಮುಂದೆ ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಲು 497, 503ನೇ ಕಲಂಗಳಿವೆ. ಸ್ವತ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ವಿವರ ಪಟ್ಟಿ, ಫೋಟೊ ಅಥವಾ ವಿಡಿಯೊ. ಅದಾದ 30 ದಿನದೊಳಗೆ ವಿಲೇವಾರಿ ಆದೇಶ ಎಂದು 497 ಗಡುವು ಹಾಕಿದೆ. ಸ್ವತ್ತನ್ನು ಠಾಣೆಯಲ್ಲಿ ಕೊಳೆಯಲು ಬಿಡಬೇಡಿ, ಫೋಟೊ, ಬಾಂಡ್ ಪಡೆದು ಕೊಟ್ಟುಬಿಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಬೈಕು, ಟ್ರ್ಯಾಕ್ಟರ್ ಬೇಗ ಬಿಡುಗಡೆಯಾಗುತ್ತವೆ; ಫೋನ್ ಆಗುವುದಿಲ್ಲ, ಯಾಕೆಂದರೆ ಅದರ ಸಾಕ್ಷ್ಯ ಮೌಲ್ಯ ಇರುವುದು ಒಳಗೆ. ಅದಕ್ಕೇ ಅರ್ಜಿಯಲ್ಲಿ ಬರೀ "ಫೋನ್ ಕೊಡಿಸಿ" ಎಂದು ಕೇಳಬಾರದು. ಖರೀದಿ ಬಿಲ್ಲು, ಐಎಂಇಐ, ಪಿ.ಎಫ್. ನಂಬರ್ ಲಗತ್ತಿಸಿ, ಪ್ರಯೋಗಾಲಯದಲ್ಲಿ ಪೂರ್ತಿ ಪ್ರತಿ ತೆಗೆಸಿದ ಮೇಲೆ ಹ್ಯಾಂಡ್‌ಸೆಟ್ ಕೊಡಿ, ಪ್ರತಿ ತೆಗೆಯಲು ಗಡುವು ಹಾಕಿ, ತನಿಖೆಗೆ ಬೇಡವಾದ ಸಿಮ್ಮನ್ನು ಈಗಲೇ ಬಿಡಿ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಮಂಡಿ ವ್ಯಾಪಾರಿಗೆ ಹ್ಯಾಂಡ್‌ಸೆಟ್ಟಿಗಿಂತ ಸಿಮ್ ದೊಡ್ಡದು. ಬ್ಯಾಂಕಿನ ಒಟಿಪಿ, ಜಿಎಸ್‌ಟಿ ಲಾಗಿನ್, ರೈತರಿಗೆ ದುಡ್ಡು ಹಾಕುವ ಯುಪಿಐ ಎಲ್ಲ ಅದೇ ನಂಬರಿಗೆ ಕಟ್ಟಿಕೊಂಡಿರುತ್ತವೆ.

ಮ್ಯಾಜಿಸ್ಟ್ರೇಟರು ಅರ್ಜಿ ತಳ್ಳಿಹಾಕಿದರೆ ಸೆಷನ್ಸ್ ಕೋರ್ಟಿನಲ್ಲಿ ರಿವಿಜನ್ (ಆದೇಶದ ಮರುಪರಿಶೀಲನೆ), ಇಲ್ಲವೇ 528ನೇ ಕಲಂ ಅಡಿ ಹೈಕೋರ್ಟ್. ಹರಿಹರದವರು ಇದಕ್ಕೆ ಬೆಂಗಳೂರಿಗೇ ಹೋಗಬೇಕು. ತುಂಗಭದ್ರೆ ದಾಟಿದ ರಾಣೆಬೆನ್ನೂರಿನವರಿಗೆ ಧಾರವಾಡ ಪೀಠ. ಬಸ್ ಹತ್ತುವ ಮುಂಚೆ 185(5)ರಡಿ ಮ್ಯಾಜಿಸ್ಟ್ರೇಟರಿಗೆ ಒಂದು ಪುಟದ ಅರ್ಜಿ ಕೊಟ್ಟು ಶೋಧದ ದಾಖಲೆಗಳ ಉಚಿತ ಪ್ರತಿ ಪಡೆದುಕೊಳ್ಳಬೇಕು. ಕಾರಣ ಯಾವಾಗ ಬರೆದರು, 48 ಗಂಟೆಯೊಳಗೆ ತಲುಪಿಸಿದರೇ, ಪಂಚನಾಮೆಯ ಸಮಯಕ್ಕೂ ವಿಡಿಯೊದ ಸಮಯಕ್ಕೂ ತಾಳೆ ಇದೆಯೇ ಎಂಬುದೆಲ್ಲ ಇರುವುದು ಆ ಕಾಗದಗಳಲ್ಲಿ. ಅವಿಲ್ಲದೆ ಹೋದರೆ ಹೈಕೋರ್ಟಿನಲ್ಲಿ ಕೇಳುವ ಮೊದಲ ಪ್ರಶ್ನೆಗೇ ವಕೀಲರ ಬಳಿ ಉತ್ತರವಿರುವುದಿಲ್ಲ.